ಎರಡು ನೀಲಿಗಳ ಪಂಚಾಯ್ತಿ

ಪೇಂಟ್ ಅಂಗಡಿಯ ಕೌಂಟರಿನ ಮುಂದೆ ಶೇಡ್ ಕಾರ್ಡ್ ಹರವಿಕೊಂಡು, ಅಕ್ಕಪಕ್ಕದ ಎರಡು ತಿಳಿನೀಲಿಗಳ ಮೇಲೆ ಬೆರಳಿಟ್ಟು ನಿಂತ ಗಂಡ-ಹೆಂಡತಿಯನ್ನು ಯಾವ ಭಾನುವಾರ ಬೇಕಾದರೂ ನೋಡಬಹುದು. ‘ಎರಡೂ ಒಂದೇ ಅಲ್ವೇನ್ರೀ’ ಎಂದು ಒಬ್ಬರು ಗೊಣಗುತ್ತಿರುತ್ತಾರೆ.

ಒಂದೇ ಅಲ್ಲ. ಎರಡನ್ನೂ ಅಚ್ಚ ಬಿಳಿ ಹಾಳೆಯ ಮೇಲಿಟ್ಟರೆ ಒಂದರಲ್ಲಿ ನೇರಳೆಯ ಛಾಯೆ, ಇನ್ನೊಂದರಲ್ಲಿ ಹಸಿರಿನ ಛಾಯೆ ಕಾಣಿಸೀತು. ಹಳೆಯ ಮನೆಗಳ ಗೋಡೆ ನೀಲಿ ಮೊದಲ ಜಾತಿಯದು. ಸುಣ್ಣದ ಬಕೆಟ್ಟಿಗೆ ಕದಡುತ್ತಿದ್ದ ನೀಲಿ ಪುಡಿ ಅಲ್ಟ್ರಾಮರೀನ್. 1820ರ ದಶಕದಲ್ಲಿ ಫ್ರಾನ್ಸ್‌ನ ಗಿಮೆ ಅದನ್ನು ಕೃತಕವಾಗಿ ತಯಾರಿಸಿದ ಮೇಲೆ ಅಗ್ಗವಾಯಿತು. ಸುಣ್ಣದ ಕ್ಷಾರಕ್ಕೆ ಅದು ಜಗ್ಗುವುದಿಲ್ಲ. ಪ್ರಷ್ಯನ್ ನೀಲಿ ಅದೇ ಸುಣ್ಣದಲ್ಲಿ ಕೆಟ್ಟು ಕಂದಾಗುತ್ತದೆ. ಅಜ್ಜಿ ಮನೆಯ ನೀಲಿಯೇ ಬೇಕೆನ್ನುವವರು ನೇರಳೆ ಛಾಯೆಯದನ್ನು ಕೇಳಿ.

ಬೆಳಕಿನದು ಬೇರೆ ಕಥೆ. ಉತ್ತರಕ್ಕೆ ಮಾತ್ರ ಕಿಟಕಿಯಿದ್ದರೆ ನೇರ ಬಿಸಿಲು ಕಡಿಮೆಯಾಗಿ ನೀಲಿ ಮಂಕಾಗಿ ಬೂದಿಗೆ ತಿರುಗುತ್ತದೆ. 2700 ಕೆಲ್ವಿನ್‌ನ ಹಳದಿ ಬಲ್ಬ್ ಹಸಿರು ಛಾಯೆಯದನ್ನು ಇನ್ನಷ್ಟು ಹಸಿರಾಗಿಸುತ್ತದೆ. 6500ರ ಬಿಳಿ ಎಲ್‌ಇಡಿ ಕೆಳಗೆ ಅದೇ ಗೋಡೆ ತಣ್ಣಗೆ ಕಾಣುತ್ತದೆ. ರೆಡ್ ಆಕ್ಸೈಡ್ ನೆಲವಿದ್ದರೆ ಗೋಡೆಯ ಬುಡಕ್ಕೆ ಕೆಂಪು ಹಾಯುತ್ತದೆ. ಅಂಗಡಿಯ ಟ್ಯೂಬ್‌ಲೈಟಿನಡಿ ಅವಳಿ-ಜವಳಿಯಂತಿದ್ದವು ಮನೆಗೆ ಬಂದ ಮೇಲೆ ಬೇರೆಯಾಗುವುದೂ ಉಂಟು. ಇದಕ್ಕೆ ಬಣ್ಣದವರ ಶಾಸ್ತ್ರದಲ್ಲಿ ಮೆಟಮೆರಿಸಂ ಎನ್ನುತ್ತಾರೆ.

ಆದ್ದರಿಂದ ಎರಡರದೂ ಚಿಕ್ಕ ಡಬ್ಬಿ ತನ್ನಿ. ಹಳೆಯ ಗೋಡೆಗೆ ಬಳಿದು ನೋಡುವುದು ಬೇಡ, ಹಳೆಯ ಬಣ್ಣ ಕಣ್ಣನ್ನು ದಾರಿ ತಪ್ಪಿಸುತ್ತದೆ. ದಪ್ಪ ಡ್ರಾಯಿಂಗ್ ಶೀಟಿಗೆ, ಸುತ್ತ ಬಿಳಿ ಅಂಚು ಬಿಟ್ಟು, ಎರಡು ಕೋಟ್ ಹೊಡೆಯಿರಿ. ಪೂರ್ತಿ ಒಣಗಲಿ, ಎಮಲ್ಷನ್ ಒಣಗಿದ ಮೇಲೆ ಸಾಮಾನ್ಯವಾಗಿ ತುಸು ಗಾಢವಾಗುತ್ತದೆ. ಕಿಟಕಿಯ ಎದುರು ಗೋಡೆಗೂ ಕಿಟಕಿಯ ಪಕ್ಕದ ಗೋಡೆಗೂ ಅಂಟಿಸಿ, ಬೆಳಿಗ್ಗೆ, ಇಳಿಹೊತ್ತು, ದೀಪ ಹಾಕಿದ ಮೇಲೆ ನೋಡಿ. ಮುಖ್ಯವಾಗಿ, ಒಂದನ್ನು ನೋಡುವಾಗ ಇನ್ನೊಂದನ್ನು ಒಳಗಿಡಿ. ಜೊತೆಗಿಟ್ಟರೆ ಕಣ್ಣು ವ್ಯತ್ಯಾಸವನ್ನು ದೊಡ್ಡದು ಮಾಡುತ್ತದೆ. ಕೋಣೆಯಲ್ಲಿ ಉಳಿಯುವುದು ಒಂದೇ ತಾನೆ? (ಪೇಂಟರ್‌ಗಳಿಗೆ ಈ ತಾಳ್ಮೆ ಇರುವುದಿಲ್ಲ, ‘ಬೇಗ ಹೇಳಿ ಸಾರ್’ ಎನ್ನುತ್ತಾರೆ. ಅನ್ನಲಿ ಬಿಡಿ.)

ಆಮೇಲೂ ತೀರ್ಮಾನವಾಗದಿದ್ದರೆ ನನ್ನ ಓಟು ತೆಳುವಾದುದಕ್ಕೆ. ನಾಲ್ಕು ಗೋಡೆಗಳ ಬಣ್ಣ ಒಂದರ ಮೇಲೊಂದು ಬಿದ್ದು, ಕಾರ್ಡಿನಲ್ಲಿ ಸಪ್ಪೆಯಾಗಿದ್ದ ನೀಲಿ ಕೋಣೆಯಲ್ಲಿ ಗಾಢವಾಗಿಯೇ ತೋರುತ್ತದೆ. ಬೇಕಾದಷ್ಟು ಲೀಟರನ್ನು ಒಂದೇ ಸಲ ಮಿಕ್ಸ್ ಮಾಡಿಸಿ, ಡಬ್ಬದ ಮೇಲಿನ ಶೇಡ್ ಕೋಡ್‌ನ ಫೋಟೊ ತೆಗೆದಿಟ್ಟುಕೊಳ್ಳಿ.