ಉಪಗ್ರಹ ಮತ್ತು ಹಳ್ಳಿ: ಅಹಮದಾಬಾದಿನ ಒಂದು ಪ್ರಯೋಗ

ವಿಜ್ಞಾನವು ಸಮಾಜವನ್ನು ಬದಲಿಸುತ್ತದೆ ಎಂಬುದು ಎಲ್ಲರೂ ಬಲ್ಲ ಮಾತು. ಸಮಾಜದ ಅಗತ್ಯಗಳು ತಂತ್ರಜ್ಞಾನದ ಸ್ವರೂಪವನ್ನು ನಿರ್ಧರಿಸುತ್ತವೆ ಎಂಬುದೂ ಅಷ್ಟೇ ಸತ್ಯ. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ನಡೆದ, 'ಸೈಟ್' ಎಂದು ಪ್ರಸಿದ್ಧವಾದ ಉಪಗ್ರಹ ಬೋಧನಾ ದೂರದರ್ಶನ ಪ್ರಯೋಗವು ಇವೆರಡಕ್ಕೂ ನಿದರ್ಶನವಾಗಿದೆ.

ಹಳ್ಳಿಗೆ ತಕ್ಕ ಯಂತ್ರ

ದೂರದರ್ಶನವು ಮೊದಲು ನಗರಗಳಿಗೆ ಬಂದು, ಕಾಲಾನಂತರ ಹಳ್ಳಿಗಳನ್ನು ತಲುಪುವುದು ವಾಡಿಕೆ. ಈ ಕ್ರಮವನ್ನು ತಿರುವುಮುರುವು ಮಾಡಬೇಕೆಂಬುದು ಡಾ. ವಿಕ್ರಮ್ ಸಾರಾಭಾಯಿ ಅವರ ಆಶಯವಾಗಿತ್ತು. 1969ರಲ್ಲಿ ಅಮೆರಿಕದ ನಾಸಾ ಸಂಸ್ಥೆಯೊಡನೆ ಒಪ್ಪಂದವಾಯಿತು. ಸಾರಾಭಾಯಿ ಅವರು 1971ರಲ್ಲಿ ನಿಧನರಾದರೂ ಕಾರ್ಯ ನಿಲ್ಲಲಿಲ್ಲ.

ಎ.ಟಿ.ಎಸ್.-6 ಉಪಗ್ರಹದ ಪ್ರಸಾರ ಪ್ರಬಲವಾಗಿದ್ದುದರಿಂದ ನೆಲದ ಮೇಲಿನ ಗ್ರಾಹಕ ಉಪಕರಣವು ಸರಳವಾಗಿದ್ದರೆ ಸಾಕಾಗಿತ್ತು. ಕೋಳಿಗೂಡಿಗೆ ಬಳಸುವಂಥ ತಂತಿಬಲೆಯಿಂದ ಸುಮಾರು 3 ಮೀಟರ್ ವ್ಯಾಸದ ಆಂಟೆನಾ ರೂಪಿಸಲಾಯಿತು. ವಿದ್ಯುತ್ ಇಲ್ಲದ ಕೆಲವು ಹಳ್ಳಿಗಳಲ್ಲಿ ಬ್ಯಾಟರಿ ಬಳಸಲಾಯಿತು. ಒಂದೇ ಚಿತ್ರಕ್ಕೆ ಎರಡು ಧ್ವನಿವಾಹಿನಿಗಳಿದ್ದುದರಿಂದ ಕನ್ನಡ ಮತ್ತು ತೆಲುಗು ಪ್ರೇಕ್ಷಕರು ಏಕಕಾಲದಲ್ಲಿ ತಮ್ಮ ತಮ್ಮ ಭಾಷೆಯಲ್ಲಿ ಕಾರ್ಯಕ್ರಮ ಕೇಳಬಹುದಾಗಿತ್ತು. ಬಡತನ, ದೂರ, ಭಾಷಾವೈವಿಧ್ಯ ಇವೇ ಯಂತ್ರದ ವಿನ್ಯಾಸವನ್ನು ರೂಪಿಸಿದವು.

ಹಳ್ಳಿ ಕಲಿಸಿದ ಪಾಠ

ಅಹಮದಾಬಾದ್ ಮತ್ತು ದೆಹಲಿಯ ಭೂಕೇಂದ್ರಗಳಿಂದ ಹೊರಟ ಕಾರ್ಯಕ್ರಮಗಳು ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳನ್ನು ತಲುಪಿದವು. ಅಂದಿನ ಬಿಜಾಪುರ, ಗುಲ್ಬರ್ಗಾ, ರಾಯಚೂರು ಜಿಲ್ಲೆಗಳ ಹಳ್ಳಿಗಳೂ ಇವುಗಳಲ್ಲಿ ಸೇರಿದ್ದವು. ದಿನಕ್ಕೆ ನಾಲ್ಕು ಗಂಟೆಗಳ ಪ್ರಸಾರ; ಬೆಳಿಗ್ಗೆ ಶಾಲಾ ಮಕ್ಕಳಿಗೆ, ಸಂಜೆ ಊರಿನ ಎಲ್ಲರಿಗೆ.

ಸಮಾಜ ವಿಜ್ಞಾನಿಗಳು ಹಳ್ಳಿಗಳಲ್ಲಿಯೇ ಉಳಿದು ಪರಿಣಾಮಗಳನ್ನು ಅಧ್ಯಯನ ಮಾಡಿದರು. ಆರೋಗ್ಯ, ನೈರ್ಮಲ್ಯ, ಕುಟುಂಬ ಯೋಜನೆಗಳ ತಿಳಿವಳಿಕೆ ಹೆಚ್ಚಿತ್ತು. ಹಿಂದುಳಿದವರೇ ಹೆಚ್ಚು ಪ್ರಯೋಜನ ಪಡೆದಿದ್ದರು. ಆದರೆ ಹೊಸ ಬೇಸಾಯ ಪದ್ಧತಿಗಳ ಅಳವಡಿಕೆ ಹೆಚ್ಚಾಗಿ ಕಂಡುಬರಲಿಲ್ಲ. ಕೈ ತೊಳೆಯಲು ತಿಳಿವಳಿಕೆಯೇ ಬಹುಪಾಲು ಸಾಕು. ಹೊಸ ತಳಿ ಬಿತ್ತಲು ಬೀಜ, ನೀರು, ಸಾಲ ಇವೂ ಬೇಕು. ಪರದೆಯು ಇವನ್ನು ಒದಗಿಸಲಾರದು.

ಖೇಡಾ ಜಿಲ್ಲೆಯ ಅನುಭವ

ಅಹಮದಾಬಾದ್ ಹಾಗೂ ವಡೋದರಗಳ ನಡುವಿನ ಖೇಡಾ ಜಿಲ್ಲೆಯಲ್ಲಿ ಪೀಜ್ ಗ್ರಾಮದ ಪ್ರೇಷಕದ ಮೂಲಕ ಸ್ಥಳೀಯ ಪ್ರಸಾರವೂ 1975ರಲ್ಲಿಯೇ ಆರಂಭವಾಯಿತು. ಇಲ್ಲಿ ಗ್ರಾಮಸ್ಥರು ಕೇವಲ ಪ್ರೇಕ್ಷಕರಾಗಿ ಉಳಿಯಲಿಲ್ಲ. ತಮ್ಮ ಆಡುಮಾತಿನಲ್ಲಿ ಅಭಿನಯಿಸಿದರು. ಕೂಲಿಕಾರರ ಶೋಷಣೆ, ಜಾತಿಭೇದ ಮುಂತಾದ ತಮ್ಮ ಸಮಸ್ಯೆಗಳನ್ನು ಪರದೆಗೆ ತಂದರು. ಈ ಯೋಜನೆಗೆ 1984ರಲ್ಲಿ ಯುನೆಸ್ಕೋ ಪ್ರಶಸ್ತಿ ದೊರೆಯಿತು.

ಒಪ್ಪಂದದ ಅವಧಿ ಮುಗಿದಾಗ ಉಪಗ್ರಹದ ಸೇವೆಯೂ ಮುಗಿಯಿತು. ಗುಲ್ಬರ್ಗಾದಲ್ಲಿ 1977ರಲ್ಲಿ ನೆಲದ ಪ್ರೇಷಕ ಸ್ಥಾಪನೆಯಾಯಿತು. 1983ರಲ್ಲಿ ಇನ್ಸಾಟ್-1ಬಿ ಕಕ್ಷೆ ಸೇರಿತು. ಅನಂತರದ ವರ್ಷಗಳಲ್ಲಿ ದೂರದರ್ಶನವು ದೇಶದಾದ್ಯಂತ ಹರಡಿತು. ಆದರೆ ಸೈಟ್ ಮುಂದಿಟ್ಟ ಪ್ರಶ್ನೆ ಪ್ರತಿಯೊಂದು ಹೊಸ ತಂತ್ರಜ್ಞಾನಕ್ಕೂ ಅನ್ವಯಿಸುತ್ತದೆ: ಅದು ಯಾರನ್ನು ಮೊದಲು ತಲುಪಬೇಕು, ಅದರಲ್ಲಿ ಯಾರ ದನಿ ಕೇಳಬೇಕು? ಇದನ್ನು ಯಂತ್ರವು ನಿರ್ಧರಿಸುವುದಿಲ್ಲ; ಸಮಾಜವೇ ನಿರ್ಧರಿಸಬೇಕು.