ಬನದ ಅಂಚಿನಿಂದ

ಬೆಳ್ಳಾರೆಯಿಂದ ಒಳಗೆ, ಅಡಕೆ ತೋಟದ ಮೇಲ್ತುದಿಯಲ್ಲಿ ನಮ್ಮ ಕುಟುಂಬದ ನಾಗಬನ. ಅರ್ಧ ಎಕರೆಯೂ ಇಲ್ಲ. ಪಾಲೆ, ರಾಂಪತ್ರೆ, ಬೈನೆ, ರೆಂಜೆ, ಇವಕ್ಕೆಲ್ಲ ಹಬ್ಬಿಕೊಂಡ ಬೆತ್ತ. ಮಾರ್ಚಿನ ಬಿಸಿಲಿಗೆ ತೋಟದ ಮಣ್ಣು ಸ್ಪ್ರಿಂಕ್ಲರ್ ನಿಲ್ಲಿಸಿದ ಸ್ವಲ್ಪ ಹೊತ್ತಿಗೇ ಬಿಳಿಚಿಕೊಳ್ಳುತ್ತದೆ. ಬನದ ತರಗೆಲೆ ಸರಿಸಿ ಬೆರಳಿಟ್ಟರೆ ಇನ್ನೂ ಪಸೆಯಿದೆ.

ಹಳೆಯ ಮರದ ಪೊಟರೆಯೊಂದರಲ್ಲಿ ಮಂಗಟ್ಟೆ ಗೂಡು. ಹೆಣ್ಣು ಒಳಗಿದ್ದು, ಹೆಚ್ಚಾಗಿ ತನ್ನ ಹಿಕ್ಕೆಯಿಂದಲೇ ಪೊಟರೆಯ ಬಾಯಿ ಮೆತ್ತಿ, ಕೊಕ್ಕು ತೂರುವಷ್ಟು ಸೀಳು ಮಾತ್ರ ಉಳಿಸಿಕೊಂಡಿದೆ. ಗಂಡು ಬಂದು ಕೂಡಲೇ ಗೂಡಿಗೆ ಹೋಗುವುದಿಲ್ಲ. ಪಕ್ಕದ ಕೊಂಬೆಯಲ್ಲಿ ಕುಳಿತು ಸುತ್ತ ನೋಡುತ್ತದೆ. ನಾನು ಕದಲದಿದ್ದರೆ ಮಾತ್ರ ಮುಂದಿನ ಹಾರಾಟ. ಗಂಟಲಿನಿಂದ ಹಣ್ಣನ್ನು ಒಂದೊಂದಾಗಿ ಮೇಲೆ ತಂದು ಸೀಳಿಗೆ ಕೊಡುತ್ತದೆ. ಗೂಡಿನ ಬುಡದಲ್ಲಿ ಬಿದ್ದ ಬೀಜಗಳಲ್ಲಿ ಕೆಲವು ಆಗಲೇ ಮೊಳೆತಿವೆ.

ಆ ಮರಕ್ಕೆ ಪೊಟರೆಯಾಗುವಷ್ಟು ವಯಸ್ಸಾದದ್ದು ಕೊಡಲಿ ತಾಗದ್ದರಿಂದ. ಕೊಡಲಿ ತಾಗದ್ದು ನಾಗನ ಭಯದಿಂದ. ತಂಬಿಲದ ಪೂಜೆಯ ದಿನ ಕಣ್ಣು ಮುಚ್ಚಿ ಕೈಮುಗಿಯುತ್ತಿದ್ದ ಹುಡುಗನಾಗಿದ್ದಾಗ ನನ್ನಲ್ಲಿ ಆ ಭಯ ಇತ್ತು, ಈಗ ಇಲ್ಲ. ಯಾವಾಗ ಹೋಯಿತೆಂದು ಕೇಳಿದರೆ ಒಂದು ದಿನವನ್ನು ಹೆಸರಿಸಲಾರೆ.

ಪುತ್ತೂರಿನ ಪರ್ಲಡ್ಕದ ಬಾಲವನದಲ್ಲಿ ದಶಕಗಳ ಕಾಲ ಬಾಳಿದ ಶಿವರಾಮ ಕಾರಂತರು ಈ ದಾರಿಯಲ್ಲಿ ನನಗಿಂತ ಬಹಳ ಮುಂದೆ ನಡೆದವರು. ಗಾಂಧೀಜಿಯ ಕರೆಗೆ ಕಾಲೇಜು ಬಿಟ್ಟ ತರುಣ ಮೊದಮೊದಲು ಅಧ್ಯಾತ್ಮದ ಹುಡುಕಾಟದಲ್ಲೂ ಇದ್ದ. ಮುಂದೆ ದೇವರ ವಿಷಯದಲ್ಲಿ, ಕಾಣದ್ದನ್ನು ಕಂಡೆ ಎನ್ನಲೊಪ್ಪದ ಮನುಷ್ಯನಾದರು. ಮಕ್ಕಳಿಗೆ ‘ಬಾಲ ಪ್ರಪಂಚ’ ಬರೆದರು, ರೇಚಲ್ ಕಾರ್ಸನ್ನರ ಕಡಲಿನ ಪುಸ್ತಕವನ್ನು ಕನ್ನಡಕ್ಕೆ ತಂದರು. 1948ರ ‘ಹುಚ್ಚು ಮನಸ್ಸಿನ ಹತ್ತು ಮುಖಗಳು’ ಓದುವಾಗ ನನಗನಿಸುವುದು, ಅವರ ನಂಬಿಕೆಯನ್ನು ಯಾರೂ ಕಸಿಯಲಿಲ್ಲ, ನೋಡುತ್ತ ನೋಡುತ್ತ ಅದರ ಅಗತ್ಯ ಸವೆಯಿತು.

ಕಸಿದದ್ದು ಬೇರೆಯವರದು. ಎಲೀ ವೀಸೆಲ್ ಸಿಗೆಟ್ ಎಂಬ ಊರಿನಲ್ಲಿ ಧರ್ಮಗ್ರಂಥಗಳಿಗೆ ಹಸಿದ ಯೆಹೂದಿ ಹುಡುಗ. 1944ರ ಮೇ ತಿಂಗಳಲ್ಲಿ ಅವನನ್ನು ಮನೆಮಂದಿಯ ಜೊತೆ ನಾಜಿಗಳ ಶಿಬಿರವಾದ ಆಶ್ವಿಟ್ಸ್‌ಗೆ ಸಾಗಿಸಿದರು. ತಾಯಿಯನ್ನೂ ಪುಟ್ಟ ತಂಗಿಯನ್ನೂ ಅವನು ಕೊನೆಯ ಸಲ ಕಂಡದ್ದು ಅಲ್ಲಿ ಇಳಿದ ರಾತ್ರಿ. ತಂದೆ ಮರುವರ್ಷದ ಜನವರಿಯಲ್ಲಿ ಇನ್ನೊಂದು ಶಿಬಿರವಾದ ಬೂಕೆನ್‌ವಾಲ್ಡ್‌ನಲ್ಲಿ ಸತ್ತರು. ‘ನೈಟ್’ ಎಂಬ ಅವನ ಪುಸ್ತಕದಲ್ಲಿ ಯೋಮ್ ಕಿಪ್ಪುರ್ ಉಪವಾಸದ ದಿನ ಬರುತ್ತದೆ. ಅಂದು ಅವನು ಬೇಕೆಂದೇ ಗಂಜಿ ಕುಡಿಯುತ್ತಾನೆ. ದೇವರ ಮೇಲಿನ ಸಿಟ್ಟಿಗೆ ಕುಡಿದ ಗಂಜಿ ಅದು. ಸಿಟ್ಟು ಬರಬೇಕಾದರೆ ಎದುರಿಗೆ ಯಾರಾದರೂ ಇರಬೇಕಲ್ಲ! ವೀಸೆಲ್ ಆ ಜಗಳವನ್ನು ಬದುಕಿನುದ್ದಕ್ಕೂ ಬಿಡಲಿಲ್ಲ. ಆ ಪುಟದ ಪಕ್ಕ ನನ್ನ ಕಥೆಯನ್ನಿಟ್ಟು ತೂಗುವುದು ಸಲ್ಲದು. ನನ್ನಿಂದ ಯಾರೂ ಏನನ್ನೂ ಕಿತ್ತುಕೊಂಡಿಲ್ಲ. ಆ ಹುಡುಗನ ಅವಿಶ್ವಾಸಕ್ಕಿರುವ ನೋವು ನನ್ನದಕ್ಕಿಲ್ಲ ಎಂದು ತಿಳಿದದ್ದೇ ನನ್ನ ಬಗ್ಗೆ ನಾನು ಕಂಡುಕೊಂಡ ದೊಡ್ಡ ಸಂಗತಿ.

ನೋವಿರುವುದು ಇನ್ನೊಂದು ಕಡೆ. ಪುತ್ತೂರು, ಸುಳ್ಯ, ಕಡಬ ಎಲ್ಲ ಕಡೆಯೂ ಭಕ್ತಿಯಿಂದಲೇ ಬನಗಳು ಬೋಳಾಗುತ್ತಿವೆ. ಮರ ತೆಗೆದು ಕಾಂಕ್ರೀಟ್ ಕಟ್ಟೆ, ಸುತ್ತ ಇಂಟರ್‌ಲಾಕ್. ಕಲ್ಲಿಗೆ ಹಾಲೆರೆಯುತ್ತಾರೆ, ಹಾವಿಗೆ ಅಡಗಲು ಬಿಲ ಉಳಿಸುವುದಿಲ್ಲ. ನಂಬದ ನಾನು ಬನ ಇರಲಿ ಎನ್ನುತ್ತೇನೆ, ನಂಬುವವರು ಅಂದಾಜುಪಟ್ಟಿ ತರಿಸುತ್ತಾರೆ.

ನಮ್ಮ ಬನಕ್ಕೂ ಕಟ್ಟೆಯ ಮಾತು ಬಂದಿದೆ. ಮೊನ್ನೆ ಕುಟುಂಬದವರೆಲ್ಲ ಸೇರಿದ್ದಾಗ ಗೂಡಿನ ಬಗ್ಗೆ, ತರಗೆಲೆಯಡಿಯ ನೀರಿನ ಬಗ್ಗೆ ನಾನು ಹೇಳಿದೆ. ಯಾರೂ ಕಿವಿಗೊಡಲಿಲ್ಲ. ಆಮೇಲೆ ದೊಡ್ಡಮ್ಮ ಬಾಯಿಬಿಟ್ಟರು.

“ಪಾಲೆ ಮರ ಕಡಿದ್ರೆ ಆಟಿ ಅಮಾಸೆಯ ಕಷಾಯಕ್ಕೆ ಕೆತ್ತೆ ಎಲ್ಲಿಂದ ತರುದು? ನಾನಿರುವವರೆಗೆ ಬೇಡ.”

ಕಟ್ಟೆಯ ಮಾತು ಮುಂದಿನ ವರ್ಷಕ್ಕೆ ಹೋಗಿದೆ. ದೊಡ್ಡಮ್ಮನಿಗೆ ಎಂಬತ್ತು ದಾಟಿತು.