ಜೋಳಿಗೆಗೆ ಬಿದ್ದ ಜೋಳ

ಸಿಂದಗಿಯ ಹುಡುಗರನ್ನು ಎಲ್ಲಿ ಓದಿದಿರೆಂದು ಕೇಳಿದರೆ ‘ಪೋರವಾಲ ಕಾಲೇಜಿನ್ಯಾಗ್ರಿ’ ಎನ್ನುತ್ತಾರೆ. ಮುದ್ದೇಬಿಹಾಳದವರು ‘ಎಂಜಿವಿಸಿ’ ಎನ್ನುತ್ತಾರೆ, ಬಿಜಾಪುರಕ್ಕೆ ಹೋದವರು ‘ಎಸ್.ಬಿ.’ ಎನ್ನುತ್ತಾರೆ. ದಾನ ಕೊಟ್ಟವರ ಹೆಸರು, ಅವರ ತಾಯಿ-ತಂದೆಯ ಹೆಸರು ಕಾಲೇಜಿನ ಹಲಗೆಯ ಮೇಲೆ ಬರುವುದು ಈ ಸೀಮೆಯ ರೂಢಿ. ಮುದ್ದೇಬಿಹಾಳದ ನಾಲ್ಕು ಅಕ್ಷರಗಳಲ್ಲಿ ಮಾತೋಶ್ರೀ ಗಂಗಮ್ಮ ವೀರಪ್ಪ ಚಿನಿವಾರ ಎಂಬ ಹೆಸರು ಅಡಗಿದೆ. ‘ಎಸ್.ಬಿ.’ ಎಂದರೆ ಸಂಗನಬಸವ. ಉಳಿದವರಂತೆ ಇವರು ಶ್ರೀಮಂತರಲ್ಲ. ಇಂಡಿ ತಾಲ್ಲೂಕಿನ ಬಂಥನಾಳದ ವಿರಕ್ತಮಠದ ಸ್ವಾಮಿಗಳು. ಕೈಯಲ್ಲಿ ಇದ್ದದ್ದು ಒಂದು ಜೋಳಿಗೆ.

ಬಂಥನಾಳದ ಸಂಗನಬಸವ ಶಿವಯೋಗಿಗಳು ಎಸ್.ಬಿ. ಕಾಲೇಜನ್ನು ನಡೆಸುವ ಬಿ.ಎಲ್.ಡಿ.ಇ. ಸಂಸ್ಥೆಯ ಹೊಣೆ ಹೊತ್ತು, ಅದಕ್ಕಾಗಿ ಊರೂರು ತಿರುಗಿ ಜೋಳಿಗೆ ಹಿಡಿದರು ಎಂಬುದು ಇಂಡಿ ಸೀಮೆಯಲ್ಲಿ ಮನೆಮಾತು. ಮಠದ ಜೋಳಿಗೆ ಇಲ್ಲಿ ಹೊಸದೇನಲ್ಲ. ಜಾತ್ರೆಗೆ, ದಾಸೋಹಕ್ಕೆ, ತೇರಿಗೆ ಜನ ಮೊದಲಿನಿಂದಲೂ ಕೊಡುತ್ತಿದ್ದರು. ಈ ಸಲ ಕೇಳಿದ್ದು ತೇರಿಗಲ್ಲ, ಕಾಲೇಜಿಗೆ. ತಾವು ಎಂದೂ ಮೆಟ್ಟಿಲು ಹತ್ತದ ಕಟ್ಟಡಕ್ಕೆ, ತಮಗೆ ಓದಲು ಬಾರದ ಪುಸ್ತಕಕ್ಕೆ ಒಕ್ಕಲು ಮಕ್ಕಳು ಕೊಡಬೇಕಿತ್ತು.

ಕೊಡುವುದು ಸುಲಭದ ನೆಲವೂ ಇದಲ್ಲ. ಉತ್ತರಕ್ಕೆ ಭೀಮಾ, ದಕ್ಷಿಣಕ್ಕೆ ಕೃಷ್ಣಾ, ನಡುವೆ ಡೋಣಿ. ಮೂರು ಹೊಳೆ ಇದ್ದೂ ಬಾಯಾರಿದ ಜಿಲ್ಲೆ. 1876-78ರ ಬರದಲ್ಲಿ ಈ ಭಾಗದ ಊರುಗಳು ಹಾಳುಬಿದ್ದವು. ಹಿಂಗಾರಿ ಮಳೆ ಕೈಹಿಡಿದರೆ ಎರಿ ಹೊಲದಲ್ಲಿ ಬಿಳಿಜೋಳ, ಇಲ್ಲವೆಂದರೆ ಗುಳೆ. ರಾಶಿಯಾದ ಮೇಲೆ ಕಣದಲ್ಲೇ ಪಾಲು ಎತ್ತಿಡುವುದು ರೂಢಿ: ಆಯಗಾರರಿಗೆ ಇಷ್ಟು, ಗುಡಿಗೆ ಇಷ್ಟು, ಅಪ್ಪಾವ್ರ ಮಠಕ್ಕೆ ಇಷ್ಟು. ಉಳಿದದ್ದು ಹಗೇವಿಗೆ. ‘ಅಪ್ಪಾವ್ರು ಬಂದಾರ’ ಎಂಬ ಸುದ್ದಿ ಹಬ್ಬಿದರೆ ಓಣಿ ಓಣಿಯ ಹೆಂಗಸರು ಮರದಲ್ಲಿ ಕಾಳು ಹಿಡಿದು ಬಾಗಿಲಿಗೆ ಬರುತ್ತಿದ್ದರು. ಉಳ್ಳವರು ಚೀಲ ಕೊಟ್ಟರೆ ಇಲ್ಲದವರು ಬೊಗಸೆ ಹಾಕುತ್ತಿದ್ದರು. ಜೋಳಿಗೆಯೊಳಗೆ ಬಿದ್ದ ಮೇಲೆ ಚೀಲದ ಜೋಳ ಯಾವುದು, ಬೊಗಸೆಯ ಜೋಳ ಯಾವುದು ಎಂದು ಹೇಳುವವರಾರು?

ಜೋಳಿಗೆಯ ನಿಜವಾದ ಫಲ ಕೂಡಿದ ಹಣವಲ್ಲ ಎಂದು ನನಗೆ ಅನಿಸುತ್ತದೆ. ಬೊಗಸೆ ಜೋಳ ಹಾಕಿದವನಿಗೂ ಆ ಕಾಲೇಜು ‘ನಮ್ಮದು’ ಆಯಿತು. ನಮ್ಮದು ಎಂದಾದ ಮೇಲೆ ಮಗನನ್ನು ದನ ಕಾಯುವುದು ಬಿಡಿಸಿ ಅಲ್ಲಿಗೆ ಕಳಿಸುವ ಧೈರ್ಯ ಬಂತು. ಪಡೆಯುವವರ ಸಾಲಿನಲ್ಲಿ ನಿಲ್ಲಬೇಕಾದವರನ್ನು ಕೊಡುವವರ ಸಾಲಿನಲ್ಲಿ ನಿಲ್ಲಿಸಿದ್ದು ಆ ಬಟ್ಟೆಯ ಚೀಲ.

ಜೋಳಿಗೆ ಬರುವ ಮುಂಚೆ ಸಂಸ್ಥೆಯ ಅಡಿಪಾಯ ಹಾಕಿದವರು ವಕೀಲರಾದ ಫ.ಗು. ಹಳಕಟ್ಟಿ. ಧಾರವಾಡದಲ್ಲಿ 1880ರ ಜುಲೈ 2ರಂದು ಹುಟ್ಟಿ, ಮುಂಬಯಿಯಲ್ಲಿ ಓದಿ, ವಕೀಲಿ ಮಾಡಲು ಬಿಜಾಪುರಕ್ಕೆ ಬಂದು ನಿಂತವರು. ಬಾಗಲಕೋಟೆಯಲ್ಲಿ 1906ರಲ್ಲಿ ಬಸವೇಶ್ವರ ವಿದ್ಯಾವರ್ಧಕ ಸಂಘ ಹುಟ್ಟಿತ್ತು, ಬೆಳಗಾವಿಯ ಕೆ.ಎಲ್.ಇ. ಹುಟ್ಟುವುದು 1916ಕ್ಕೆ. ಇವೆರಡರ ನಡುವೆ, 1910ರಲ್ಲಿ, ಬಿ.ಎಲ್.ಡಿ.ಇ. ಆರಂಭವಾಯಿತು. ಎರಡು ವರ್ಷದ ನಂತರ ಸಿದ್ಧೇಶ್ವರ ಸಹಕಾರಿ ಬ್ಯಾಂಕು. ಶಾಲೆಯ ಬೆನ್ನಿಗೇ ಬ್ಯಾಂಕು ತೆರೆದದ್ದು ವಿಚಿತ್ರವೆನಿಸಬಹುದು. ಆದರೆ ಸಾಹುಕಾರನ ಬಡ್ಡಿಗೆ ಹೊಲ ಬರೆದುಕೊಟ್ಟ ಮನೆಯ ಹುಡುಗ ಪಾಟಿ-ಚೀಲ ಹಿಡಿಯುವುದು ಎಲ್ಲಿಂದ?

ಹಳಕಟ್ಟಿಯವರ ಹೆಸರು ನಾಡಿಗೆ ಗೊತ್ತಿರುವುದು ಶಾಲೆ-ಬ್ಯಾಂಕಿನಿಂದಲ್ಲ, ವಚನಗಳಿಂದ. ಇದೇ ಜಿಲ್ಲೆಯ ಬಸವನ ಬಾಗೇವಾಡಿ ಬಸವಣ್ಣನವರು ಹುಟ್ಟಿದ ಊರು. ಆದರೂ ಬಸವಣ್ಣನವರ ಮತ್ತು ಶರಣರ ಮಾತುಗಳು ಬಹುಕಾಲ ಓಲೆಗರಿಗಳ ಕಟ್ಟಿನಲ್ಲಿ ಧೂಳು ತಿನ್ನುತ್ತಿದ್ದವು. ಹಳಕಟ್ಟಿಯವರು ಅವನ್ನು ಹುಡುಕಿ, ಹೊಂದಿಸಿ, 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗ ಹೊರತಂದರು. ಮುದ್ರಣಕ್ಕೆ ಪರರ ಬಾಗಿಲು ಕಾಯುವುದು ಸಾಕೆಂದು ಮನೆ ಮಾರಿ ಹಿತಚಿಂತಕ ಮುದ್ರಣಾಲಯ ಹಾಕಿದರು. 1926ಕ್ಕೆ ‘ಶಿವಾನುಭವ’ ಪತ್ರಿಕೆ, ಮರುವರ್ಷ ‘ನವಕರ್ನಾಟಕ’ ವಾರಪತ್ರಿಕೆ. ನಡೆಯುತ್ತಿದ್ದ ವಕೀಲಿ ಬದಿಗೆ ಸರಿಯಿತು, ಕೊನೆಗಾಲದಲ್ಲಿ ಬಡತನವೇ ಜತೆಗಾರ. ರಾವ್ ಬಹದ್ದೂರ್ ಎನಿಸಿಕೊಂಡ ಮನುಷ್ಯ ಸ್ವಂತ ಮನೆಯಿಲ್ಲದೆ 1964ರ ಜೂನ್ 29ರಂದು ತೀರಿಕೊಂಡರು. ಅದಕ್ಕೆ ಒಂದೇ ತಿಂಗಳ ಹಿಂದೆ ಲಾಲ್ ಬಹದ್ದೂರ್ ಶಾಸ್ತ್ರಿಯವರು ಆಲಮಟ್ಟಿ ಅಣೆಕಟ್ಟಿಗೆ ಅಡಿಗಲ್ಲು ಇಟ್ಟಿದ್ದರು. ನೆಲಕ್ಕೆ ನೀರು ಬರುವ ಮಾತು ಆಗ ಶುರುವಾಯಿತು. ಅಕ್ಷರ ಅದಕ್ಕೂ ಐದು ದಶಕ ಮೊದಲೇ ಬಂದಿತ್ತು.

ದಾನಕ್ಕೆ ಏನು ಫಲ ಬಂತೆಂದು ಲೆಕ್ಕ ಕೇಳುವವರಿಗೆ ಒಂದೇ ಹೆಸರು ಸಾಕು. ಸಿಂದಗಿ ಸೀಮೆಯ ಯರಗಲ್ಲಿನ ಹುಡುಗನೊಬ್ಬ ಊರ ಶಾಲೆ, ಸಿಂದಗಿಯ ಹೈಸ್ಕೂಲು ಮುಗಿಸಿ ಬಿಜಾಪುರದ ವಿಜಯ ಕಾಲೇಜಿಗೆ ಬಂದ. ಇಂದಿನ ಎಸ್.ಬಿ. ಕಾಲೇಜಿನ ಹಳೆಯ ಹೆಸರೇ ವಿಜಯ ಕಾಲೇಜು. ಆ ಹುಡುಗ ಎಂ.ಎಂ. ಕಲಬುರ್ಗಿ. ಮುಂದೆ ಹದಿನೈದು ಸಂಪುಟಗಳ ಸಮಗ್ರ ವಚನ ಸಾಹಿತ್ಯದ ಪ್ರಧಾನ ಸಂಪಾದಕರಾದರು, ಹಂಪಿ ಕನ್ನಡ ವಿಶ್ವವಿದ್ಯಾಲಯದ ಕುಲಪತಿಯಾದರು. ಕೊನೆಗೆ ತಮ್ಮ ಹಳೆಯ ಸಂಸ್ಥೆಯ ಹಳಕಟ್ಟಿ ಸಂಶೋಧನ ಕೇಂದ್ರಕ್ಕೇ ಮರಳಿ, ಆದಿಲ್‌ಶಾಹಿ ಕಾಲದ ಪಾರಸಿ ಗ್ರಂಥಗಳನ್ನು ಕನ್ನಡಕ್ಕೆ ತರಿಸುವ ಕೆಲಸಕ್ಕೆ ಬೆನ್ನೆಲುಬಾದರು. 2015ರ ಆಗಸ್ಟ್ 30ರಂದು ಧಾರವಾಡದ ಮನೆಬಾಗಿಲಲ್ಲಿ ಗುಂಡಿಗೆ ಬಲಿಯಾಗುವವರೆಗೂ ಕೆಲಸ ನಡೆದಿತ್ತು. ವಚನ ಹುಡುಕಿದವರು ಕಟ್ಟಿದ ಸಂಸ್ಥೆ ವಚನ ಸಂಪಾದಿಸುವವರನ್ನು ಬೆಳೆಸಿತು. ಕಣದಲ್ಲಿ ಬೊಗಸೆ ಹಾಕಿದವರಲ್ಲಿ ಯಾರೂ ಇಷ್ಟನ್ನು ಕೇಳಿರಲಿಲ್ಲ.

ಈ ನಾಡಿನಲ್ಲಿ ಜೋಳಿಗೆ ಎಷ್ಟೆಷ್ಟೋ ರೂಪ ತಾಳಿತು. ಮುದ್ದೇಬಿಹಾಳದಿಂದ ಕೃಷ್ಣೆ ದಾಟಿದರೆ ಇಳಕಲ್ಲು. ಅಲ್ಲಿನ ಮಹಾಂತ ಸ್ವಾಮಿಗಳು 1975ರಿಂದ ‘ಮಹಾಂತ ಜೋಳಿಗೆ’ ಹಿಡಿದು ಬೀಡಿ, ತಂಬಾಕು, ಕುಡಿತವನ್ನೇ ಭಿಕ್ಷೆ ಬೇಡಿದರು. ಬಿಜಾಪುರದ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮಿಗಳು ಇನ್ನೂ ಒಂದು ಹೆಜ್ಜೆ ಮುಂದೆ: ಅಂಗಿಗೆ ಕಿಸೆಯೇ ಇರಲಿಲ್ಲ. 2018ರಲ್ಲಿ ಬಂದ ಪದ್ಮಶ್ರೀಯನ್ನೂ ನಯವಾಗಿ ಮರಳಿಸಿದರು.

ಇಂದು ಬಿ.ಎಲ್.ಡಿ.ಇ. ದೊಡ್ಡ ಆಲದ ಮರ. ಎಂಜಿನಿಯರಿಂಗ್ ಕಾಲೇಜಿದೆ, 1986ರಿಂದ ವೈದ್ಯಕೀಯ ಕಾಲೇಜಿದೆ, 2008ರಿಂದ ಡೀಮ್ಡ್ ವಿಶ್ವವಿದ್ಯಾಲಯವಿದೆ. ಬಾಗೇವಾಡಿಯಲ್ಲೂ ಬಸವೇಶ್ವರರ ಹೆಸರಿನ ಕಾಲೇಜು ನಡೆಸುತ್ತಿದೆ. ಸಂಸ್ಥೆ ಬೆಳೆದಂತೆ ಅದನ್ನು ನಡೆಸುವ ಹಣದ ದಾರಿಯೂ ಬದಲಾಗುತ್ತದೆ. ಶುಲ್ಕ, ಅನುದಾನ, ಕಂಪನಿಗಳ ಕೊಡುಗೆ ಎಂದು ಎಲ್ಲ ಕಡೆಯೂ ಅದೇ ನಡೆ. ಅದನ್ನು ತಪ್ಪೆನ್ನಲಾಗದು, ಆಸ್ಪತ್ರೆಯ ಯಂತ್ರ ಜೋಳಕ್ಕೆ ಬರುವುದಿಲ್ಲ.

ಆದರೆ ಇಂಡಿಯ ಲಿಂಬೆ ತೋಟದಿಂದ, ಸಿಂದಗಿಯ ತೊಗರಿ ಹೊಲದಿಂದ ಇವತ್ತಿಗೂ ಜನ ಗೋವೆಗೆ, ಪುಣೆಗೆ, ಕಬ್ಬು ಕಡಿಯುವ ಸೀಮೆಗೆ ಗುಳೆ ಹೋಗುತ್ತಾರೆ. ಅವರ ಬೆನ್ನಿಗೆ ಮಕ್ಕಳೂ ಹೋಗುತ್ತವೆ. ಹಾಗೆ ಹೋಗುವ ಮಕ್ಕಳಿಗೆ ಊರಲ್ಲೇ ಉಂಡು, ಮಲಗಿ, ಓದಲು ತಾಲ್ಲೂಕಿಗೆ ನಾಲ್ಕಾರು ಪ್ರಸಾದ ನಿಲಯ ಬೇಕು. ಅದಕ್ಕೆ ಹಣ ಕೊಡುವವರು ಸಿಕ್ಕಾರು. ಆದರೆ ಆ ನಿಲಯಕ್ಕೂ ಊರವರ ಬೊಗಸೆ ಬೀಳಬೇಕು, ಗುಳೆ ಹೋಗಿ ಬಂದವನೂ ಒಂದು ಸೇರು ಹಾಕಿ ‘ಇದು ನಮ್ಮದು’ ಎನ್ನಬೇಕು. ಅವನ ಮನೆಯಲ್ಲಿ ಕೊಡಲು ಇನ್ನೂ ಜೋಳವಿದೆ. ಕೇಳುವವರು ಅವನ ಓಣಿಗೆ ಬಂದು ಬಹಳ ವರ್ಷವಾಯಿತು.